ಸುದ್ದಿ ಒಂದು ದಿನದ್ದು, ಸಾಕ್ಷ್ಯ ಹಲವು ದಶಕದ್ದು

2024ರ ಏಪ್ರಿಲ್‌ನಲ್ಲಿ ಜೀವವಿಜ್ಞಾನದ ಪಠ್ಯಪುಸ್ತಕಗಳ ಒಂದು ವಾಕ್ಯ ತಿದ್ದುಪಡಿಗೆ ಒಳಗಾಯಿತು. ಗಾಳಿಯಲ್ಲಿರುವ ಸಾರಜನಕವನ್ನು ಜೀವಕ್ಕೆ ಒಗ್ಗುವ ರೂಪಕ್ಕೆ ತರುವ ಶಕ್ತಿ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಗೆ ಮಾತ್ರ ಇದೆ, ಕೋಶಕೇಂದ್ರವುಳ್ಳ ಯಾವ ಜೀವಿಗೂ ಅದು ಇಲ್ಲ ಎಂಬುದು ಆ ವಾಕ್ಯ. ಕಡಲಿನಲ್ಲಿ ತೇಲುವ ಒಂದು ಏಕಕೋಶೀಯ ಪಾಚಿ ಈ ಕೆಲಸಕ್ಕೆಂದೇ ತನ್ನೊಳಗೆ ಒಂದು ಕೋಶಾಂಗವನ್ನು ಇಟ್ಟುಕೊಂಡಿದೆ ಎಂದು ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಕೋಶಾಂಗಕ್ಕೆ ನೈಟ್ರೊಪ್ಲಾಸ್ಟ್ ಎಂದು ಹೆಸರಿಟ್ಟರು. ಪತ್ರಿಕೆಗಳಲ್ಲಿ ಇದು ಒಂದು ದಿನದ ಸುದ್ದಿಯಾಗಿ ಬಂದು ಹೋಯಿತು. ಆದರೆ ಆ ಸುದ್ದಿ ತಯಾರಾಗಲು ಹಿಡಿದ ಕಾಲ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು.

ಕಳೆದ ಕೆಲವು ವರ್ಷಗಳಲ್ಲಿ ನಿಸರ್ಗ ವಿಜ್ಞಾನದ ಬೇರೆ ಬೇರೆ ಶಾಖೆಗಳಿಂದ ಬಂದ ದೊಡ್ಡ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಗಮನವನ್ನು ಮತ್ತೆ ಮತ್ತೆ ಸೆಳೆದದ್ದು ಈ ಕಾಲದ ಲೆಕ್ಕವೇ. ಕಂಡುಹಿಡಿಯುವುದು ಎಂದರೆ ಯಾವುದೋ ಒಂದು ಗಳಿಗೆಯಲ್ಲಿ ಹೊಳೆಯುವುದು ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಸಾಕ್ಷ್ಯ ಎಂಬುದು ಹಣ್ಣಿನಂತೆ ನಿಧಾನವಾಗಿ ಮಾಗುತ್ತದೆ. ಅದು ಮಾಗುವ ಬಗೆ ಹೇಗೆ ಎಂದು ತಿಳಿದರೆ, ಫಲಿತಾಂಶ ಏನು ಹೇಳುತ್ತದೆ ಎಂಬುದರ ಜೊತೆಗೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೂ ತಿಳಿಯುತ್ತದೆ.

ಪಾಚಿಯ ಕಥೆಯನ್ನೇ ಮೊದಲು ವಿವರವಾಗಿ ನೋಡೋಣ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಪ್ರೋಟೀನ್ ಕಟ್ಟಲು, ಡಿಎನ್‌ಎ ಕಟ್ಟಲು ಎಲ್ಲ ಜೀವಿಗಳಿಗೂ ಸಾರಜನಕ ಬೇಕು. ಆದರೂ ಗಾಳಿಯ ಸಾರಜನಕ ನೇರವಾಗಿ ಯಾವ ಗಿಡಕ್ಕೂ ಪ್ರಾಣಿಗೂ ದಕ್ಕುವುದಿಲ್ಲ. ಕಾರಣ, ಅದರ ಎರಡು ಪರಮಾಣುಗಳು ಮೂರು ಎಳೆಯ ಬಂಧದಿಂದ ಒಂದಕ್ಕೊಂದು ಬಿಗಿದುಕೊಂಡಿವೆ. ರಾಸಾಯನಿಕ ಗೊಬ್ಬರದ ಕಾರ್ಖಾನೆಗಳು ಆ ಬಂಧವನ್ನು ಬಿಡಿಸಲು ನೂರಾರು ಡಿಗ್ರಿ ಶಾಖವನ್ನೂ ವಾತಾವರಣದ ನೂರಾರು ಪಟ್ಟು ಒತ್ತಡವನ್ನೂ ಬಳಸುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ನೈಟ್ರೊಜಿನೇಸ್ ಎಂಬ ಕಿಣ್ವದ ಸಹಾಯದಿಂದ ಇದೇ ಕೆಲಸವನ್ನು ಸಾಮಾನ್ಯ ಉಷ್ಣತೆಯಲ್ಲಿ ಸದ್ದಿಲ್ಲದೆ ಮಾಡುತ್ತವೆ. ದ್ವಿದಳ ಧಾನ್ಯದ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವುದು ಇಂಥ ಬ್ಯಾಕ್ಟೀರಿಯಾಗಳೇ. ಆದರೆ ಅಲ್ಲಿ ಅವು ಬಾಡಿಗೆಗೆ ಇರುವ ಅತಿಥಿಗಳು. ಗಿಡದ ಬೀಜದೊಂದಿಗೆ ಮುಂದಿನ ಪೀಳಿಗೆಗೆ ಹೋಗುವುದಿಲ್ಲ.

1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಸ್ ವಿಭಾಗದ ಜೊನಾಥನ್ ಝೆರ್ ಅವರ ತಂಡಕ್ಕೆ ಪೆಸಿಫಿಕ್ ಸಾಗರದ ನೀರಿನಲ್ಲಿ ಡಿಎನ್‌ಎಯ ಒಂದು ಪುಟ್ಟ ತುಣುಕು ಸಿಕ್ಕಿತು. ಅದು ಸಾರಜನಕವನ್ನು ಸ್ಥಿರೀಕರಿಸುವ, ಆದರೆ ಯಾರೂ ಕಂಡಿರದ ಒಂದು ಸಯನೊಬ್ಯಾಕ್ಟೀರಿಯಾಗೆ ಸೇರಿದ್ದಂತೆ ತೋರಿತು. ಜೀವಿ ಕಣ್ಣಿಗೆ ಬೀಳಲಿಲ್ಲ, ಪ್ರಯೋಗಾಲಯದಲ್ಲಿ ಬೆಳೆಯಲಿಲ್ಲ; ಇದ್ದದ್ದು ಅದರ ಹೆಜ್ಜೆ ಗುರುತು ಮಾತ್ರ. ಅದಕ್ಕೆ ಯುಸಿವೈಎನ್-ಎ ಎಂಬ ಗುರುತಿನ ಸಂಕೇತವನ್ನಷ್ಟೇ ಕೊಟ್ಟರು. ಮುಂದಿನ ವರ್ಷಗಳಲ್ಲಿ ಅದರ ವಂಶವಾಹಿಗಳನ್ನು ಒಂದೊಂದಾಗಿ ಓದಿದಾಗ ಇನ್ನೊಂದು ವಿಚಿತ್ರ ಹೊರಬಿತ್ತು. ಸಯನೊಬ್ಯಾಕ್ಟೀರಿಯಾ ಎಂದರೆ ಬಿಸಿಲಿನಿಂದ ಆಹಾರ ತಯಾರಿಸಿಕೊಂಡು ಆಮ್ಲಜನಕ ಬಿಡುವ ಜೀವಿ. ಇದರಲ್ಲಿ ಆಮ್ಲಜನಕ ಬಿಡುವ ವ್ಯವಸ್ಥೆಯೂ ಇರಲಿಲ್ಲ, ಇಂಗಾಲವನ್ನು ಹಿಡಿದು ಆಹಾರ ಮಾಡಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ತನ್ನ ಊಟವನ್ನು ತಾನೇ ಬೇಯಿಸಿಕೊಳ್ಳಲಾಗದ ಜೀವಿ ಇನ್ನಾರದೋ ಮನೆಯಲ್ಲಿ ಉಣ್ಣುತ್ತಿರಲೇಬೇಕು. ಆ ಮನೆ ಒಂದು ಪಾಚಿಯದು ಎಂಬುದು 2012ರ ವೇಳೆಗೆ ತಿಳಿಯಿತು.

ಇದೇ ಅವಧಿಯಲ್ಲಿ ಜಪಾನಿನ ಕೋಚಿ ವಿಶ್ವವಿದ್ಯಾಲಯದಲ್ಲಿ ಕ್ಯೋಕೊ ಹಗಿನೊ ಎಂಬ ಪುರಾಜೀವಿ ವಿಜ್ಞಾನಿ ಒಂದು ಕಡಲ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಪ್ರಯತ್ನಿಸುತ್ತಿದ್ದರು. ಅದರ ಹೆಸರು ಬ್ರಾರುಡೋಸ್ಫೇರಾ ಬಿಗೆಲೊವಿ. ಪುರಾಜೀವಿ ವಿಜ್ಞಾನಿಗೆ ಪಾಚಿಯ ಮೇಲೇಕೆ ಆಸಕ್ತಿ ಎಂದರೆ, ಈ ಪಾಚಿ ಸುಣ್ಣದ ಐದು ಮೂಲೆಯ ಬಿಲ್ಲೆಗಳನ್ನು ಮೈಮೇಲೆ ಹೊದ್ದುಕೊಳ್ಳುತ್ತದೆ. ಅಂಥ ಹನ್ನೆರಡು ಬಿಲ್ಲೆಗಳು ಅಂಚಿಗೆ ಅಂಚು ಕೂಡಿ ಹನ್ನೆರಡು ಮುಖದ ಪುಟ್ಟ ಪೆಟ್ಟಿಗೆಯಾಗುತ್ತವೆ. ಜೀವಿ ಸತ್ತ ಮೇಲೆ ಬಿಲ್ಲೆಗಳು ಕಡಲ ತಳಕ್ಕೆ ಇಳಿದು ಕಲ್ಲಿನಲ್ಲಿ ಉಳಿಯುತ್ತವೆ. ಕಲ್ಲಿನಲ್ಲಿ ಸುಲಭವಾಗಿ ಸಿಗುವ ಈ ಜೀವಿಯನ್ನು ಜೀವಂತವಾಗಿ ಸಾಕುವುದು ಮಾತ್ರ ಯಾರಿಗೂ ಸಾಧ್ಯವಾಗಿರಲಿಲ್ಲ. ಹಗಿನೊ ಅವರು ಮುನ್ನೂರಕ್ಕೂ ಹೆಚ್ಚು ಸಲ ನೀರಿನ ಮಾದರಿ ತರಲು ಹೋದರು. ಹತ್ತು ವರ್ಷಗಳಿಗೂ ಮಿಕ್ಕಿದ ಪ್ರಯತ್ನದ ನಂತರ ಪಾಚಿ ಅವರ ಪಾತ್ರೆಯಲ್ಲಿ ಬೆಳೆಯಿತು. ಝೆರ್ ಅವರ ತಂಡ ಹುಡುಕುತ್ತಿದ್ದ ಮನೆ ಇದೇ ಆಗಿತ್ತು. ಈ ಇಡೀ ಸಂಶೋಧನೆಯಲ್ಲಿ ನನ್ನನ್ನು ಅತ್ಯಂತ ಗಾಢವಾಗಿ ತಟ್ಟುವುದು ಆ ಮುನ್ನೂರು ಪಯಣಗಳು. ಯಾವ ಉಪಕರಣವೂ ಮಾಡಿಕೊಡಲಾಗದ ಕೆಲಸ ಅದು.

ಪಾಚಿ ಕೈಗೆ ಸಿಕ್ಕ ಮೇಲೆ ಉಳಿದ ಪ್ರಶ್ನೆ ಒಂದೇ: ಒಳಗಿರುವ ಬ್ಯಾಕ್ಟೀರಿಯಾ ಇನ್ನೂ ಅತಿಥಿಯೋ, ಅಥವಾ ಮನೆಯ ಒಂದು ಅಂಗವೇ ಆಗಿಬಿಟ್ಟಿದೆಯೋ? ಇದನ್ನು ತೀರ್ಮಾನಿಸಲು ಎರಡು ಬಲವಾದ ಪರೀಕ್ಷೆಗಳಿವೆ. ಮೊದಲನೆಯದು, ಕೋಶ ಎರಡಾಗಿ ಒಡೆಯುವಾಗ ಒಳಗಿನದೂ ಅದರೊಡನೆ ಹೊಂದಿಕೊಂಡು ಒಡೆದು ಎರಡೂ ಮರಿಕೋಶಗಳಿಗೆ ಪಾಲಾಗುತ್ತದೆಯೇ ಎಂಬುದು. ಮೃದು ಕ್ಷಕಿರಣಗಳಿಂದ ಜೀವಕೋಶದ ಒಳಗನ್ನು ಮೂರು ಆಯಾಮದಲ್ಲಿ ಚಿತ್ರಿಸಿದಾಗ ಹಾಗೆಯೇ ಆಗುತ್ತಿರುವುದು ಕಂಡಿತು. ಎರಡನೆಯದು, ಒಳಗಿನದು ತನಗೆ ಬೇಕಾದ ಪ್ರೋಟೀನುಗಳನ್ನು ತಾನೇ ತಯಾರಿಸುತ್ತದೆಯೋ ಮನೆಯಿಂದ ತರಿಸಿಕೊಳ್ಳುತ್ತದೆಯೋ ಎಂಬುದು. ಅದರಲ್ಲಿದ್ದ ಪ್ರೋಟೀನುಗಳಲ್ಲಿ ಸುಮಾರು ಅರ್ಧದಷ್ಟು ಪಾಚಿಯ ವಂಶವಾಹಿಗಳಿಂದ ತಯಾರಾಗಿ ಬಂದಂಥವು. ಅವುಗಳ ತುದಿಗೆ ಅಮೈನೊ ಆಮ್ಲಗಳ ಒಂದು ಬಾಲ ಅಂಟಿಕೊಂಡಿರುತ್ತದೆ. ಕೋಶದಲ್ಲಿ ಎಲ್ಲಿಗೆ ಸಾಗಿಸಬೇಕು ಎಂಬುದನ್ನು ಹೇಳುವ ವಿಳಾಸಚೀಟಿ ಅದು. ಸ್ವಂತಕ್ಕೆ ಇಲ್ಲದ ವಸ್ತುಗಳನ್ನು ವಿಳಾಸ ಬರೆಸಿ ತರಿಸಿಕೊಳ್ಳುವ ಹಂತಕ್ಕೆ ಬಂದ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಎನ್ನುವುದಕ್ಕಿಂತ ಕೋಶಾಂಗ ಎನ್ನುವುದೇ ಸರಿ.

ಇಂಥ ಘಟನೆ ಜೀವದ ಇತಿಹಾಸದಲ್ಲಿ ಬಹಳ ಅಪರೂಪ. ನಮ್ಮ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಶತಕೋಟಿ ವರ್ಷಗಳ ಹಿಂದೆ ಹೀಗೆ ಒಳಸೇರಿದ ಬ್ಯಾಕ್ಟೀರಿಯಾದಿಂದ ಬಂದದ್ದು. ಎಲೆಗಳಿಗೆ ಹಸಿರು ಕೊಟ್ಟ ಕ್ಲೋರೊಪ್ಲಾಸ್ಟ್ ಎರಡನೆಯ ಉದಾಹರಣೆ. ಪೌಲಿನೆಲ್ಲಾ ಎಂಬ ಒಂದು ಅಮೀಬಾದಲ್ಲಿ ಇಂಥದೇ ಮೂರನೆಯ ಘಟನೆ ನಡೆದಿದೆ. ನೈಟ್ರೊಪ್ಲಾಸ್ಟ್ ನಾಲ್ಕನೆಯದು; ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ, ಅಂದರೆ ನೆಲದ ಮೇಲೆ ಡೈನೊಸಾರ್‌ಗಳು ಇದ್ದ ಕಾಲದಲ್ಲಿ ಹುಟ್ಟಿಕೊಂಡದ್ದು. ಮೊದಲ ಎರಡು ಘಟನೆಗಳು ಎಷ್ಟು ಹಳೆಯವೆಂದರೆ ನಡುವಿನ ಹಂತಗಳೆಲ್ಲ ಅಳಿಸಿಹೋಗಿವೆ. ಈ ಪಾಚಿಯಲ್ಲಿ ಅತಿಥಿ ಅಂಗವಾಗುವ ದಾರಿ ಇನ್ನೂ ಅರ್ಧ ತೆರೆದೇ ಇದೆ ಎನ್ನುವುದು ಜೀವವಿಜ್ಞಾನಿಗಳಿಗೆ ದೊಡ್ಡ ಸಂಪತ್ತು. ಮುಂದೊಂದು ದಿನ ಬೆಳೆಗಳ ಕೋಶದಲ್ಲೇ ಇಂಥ ಅಂಗವನ್ನು ನೆಲೆಗೊಳಿಸಿ ಗೊಬ್ಬರದ ಅಗತ್ಯವನ್ನು ತಗ್ಗಿಸಬಹುದೇ ಎಂಬ ಯೋಚನೆಯೂ ನಡೆದಿದೆ. ಆದರೆ ಆ ದಾರಿ ಬಹಳ ದೂರದ್ದು, ಅದನ್ನು ಇವತ್ತಿನ ಸುದ್ದಿಯ ಜೊತೆ ಬೆರೆಸಬಾರದು.

ಕಡಲಿನಿಂದ ಈಗ ಆಕಾಶದ ಕಡೆಗೆ ಹೋಗೋಣ. ಅಲ್ಲಿ ಸಾಕ್ಷ್ಯವನ್ನು ಹುಡುಕುವುದಷ್ಟೇ ಸಾಲದು, ಅದನ್ನು ಕೆಡದಂತೆ ಮನೆಗೆ ತರಬೇಕು. ಜೀವಕ್ಕೆ ಬೇಕಾದ ರಾಸಾಯನಿಕಗಳು ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಇವೆ ಎಂಬುದು ಹೊಸ ಮಾತೇನಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೊ ಆಮ್ಲಗಳು ಸಿಕ್ಕಿದ್ದವು. ಆದರೆ ನೆಲಕ್ಕೆ ಬಿದ್ದ ಕಲ್ಲಿನ ಮೇಲೆ ಯಾವಾಗಲೂ ಒಂದು ಸಂಶಯ ಉಳಿದೇ ಇರುತ್ತದೆ: ಒಳಗೆ ಸಿಕ್ಕದ್ದು ಆಕಾಶದಿಂದ ಬಂದದ್ದೋ, ಬಿದ್ದ ಜಾಗದ ಮಣ್ಣು, ಮಳೆ, ಕೈಗಳಿಂದ ಅಂಟಿದ್ದೋ? ಇನ್ನೊಂದು ತೊಂದರೆಯೂ ಇದೆ. ಕಲ್ಲಿನೊಳಗಿನ ಕೆಲವು ಲವಣಗಳು ಗಾಳಿಯ ತೇವ ತಗುಲಿದರೂ ಕರಗಿಹೋಗುತ್ತವೆ. ಕರಗಿದ ಸಾಕ್ಷ್ಯವನ್ನು ಯಾವ ಉಪಕರಣವೂ ಓದಲಾರದು.

ಈ ಸಂಶಯವನ್ನು ಬುಡದಲ್ಲೇ ನಿವಾರಿಸಲು ನಾಸಾ ಸಂಸ್ಥೆಯು ಒಸೈರಿಸ್-ರೆಕ್ಸ್ ಎಂಬ ನೌಕೆಯನ್ನು 2016ರ ಸೆಪ್ಟೆಂಬರ್‌ನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹಕ್ಕೆ ಕಳಿಸಿತು. ಬೆನ್ನು ಸುಮಾರು ಅರ್ಧ ಕಿಲೋಮೀಟರ್ ಅಗಲದ ಕಲ್ಲಿನ ರಾಶಿ. 2020ರ ಅಕ್ಟೋಬರ್ 20ರಂದು ನೌಕೆಯ ತೋಳು ಅದರ ಮೈಯನ್ನು ಮುಟ್ಟಿ ಸಾರಜನಕ ಅನಿಲವನ್ನು ಊದಿದಾಗ, ಗಟ್ಟಿ ನೆಲ ಸಿಕ್ಕಬಹುದೆಂದು ಎಣಿಸಿದ್ದ ಕಡೆ ತೋಳು ಸುಮಾರು ಅರ್ಧ ಮೀಟರ್ ಒಳಗಿಳಿಯಿತು. ಕಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳದೆ ಸಡಿಲವಾಗಿ ಕೂಡಿದ್ದವು. ಮಾದರಿ ಎಷ್ಟು ಹೆಚ್ಚು ತುಂಬಿಕೊಂಡಿತೆಂದರೆ ಪಾತ್ರೆಯ ಬಾಯಿಗೆ ಕಲ್ಲು ಸಿಕ್ಕಿ, ಮುಚ್ಚಳ ಪೂರ್ತಿ ಮುಚ್ಚದೆ ಕಣಗಳು ಹೊರಗೆ ತೇಲಿಹೋಗತೊಡಗಿದವು. ತಂಡವು ತೂಕ ಅಳೆಯುವ ಯೋಜನೆಯನ್ನು ಕೈಬಿಟ್ಟು ತಡಮಾಡದೆ ಅದನ್ನು ಭದ್ರಪಡಿಸಿತು. 2023ರ ಸೆಪ್ಟೆಂಬರ್ 24ರಂದು ಡಬ್ಬಿ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು. ಅಷ್ಟು ದೂರ ಸರಿಯಾಗಿ ಬಂದ ಡಬ್ಬಿಯ 35 ತಿರುಪುಗಳಲ್ಲಿ ಎರಡು ಬಿಚ್ಚಲು ಒಪ್ಪಲಿಲ್ಲ. ಮಾದರಿಗೆ ಹೊರಗಿನ ಗಾಳಿ ತಗುಲಬಾರದಾದ್ದರಿಂದ ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗೇ ಕೆಲಸ ಮಾಡಬೇಕು, ಅದಕ್ಕೆ ಒಗ್ಗುವ ಹೊಸ ಸಲಕರಣೆ ತಯಾರಿಸಬೇಕು. ಆ ಎರಡು ತಿರುಪುಗಳು 2024ರ ಜನವರಿಯಲ್ಲಿ ಬಿಚ್ಚಿಕೊಂಡವು. ಒಟ್ಟು ಸಿಕ್ಕ ಮಾದರಿಯ ತೂಕ 121.6 ಗ್ರಾಂ, ಬೇಕೆಂದು ಗುರಿಯಿಟ್ಟಿದ್ದು 60 ಗ್ರಾಂ.

2025ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶಗಳು ಆ ಎಚ್ಚರಿಕೆಗೆ ಸಿಕ್ಕ ಪ್ರತಿಫಲ. ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಬೆನ್ನುವಿನ ಪುಡಿಯಲ್ಲಿ ಸಿಕ್ಕವು. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಬರಹಕ್ಕೆ ಅಕ್ಷರಗಳಾಗಿರುವ ಐದು ಪ್ರತ್ಯಾಮ್ಲಗಳೂ ಸಿಕ್ಕವು. ಅಮೋನಿಯಾ ಹೇರಳವಾಗಿತ್ತು. ಉಪ್ಪುನೀರು ನಿಧಾನವಾಗಿ ಆವಿಯಾದಾಗ ಒಂದರ ನಂತರ ಒಂದು ಹರಳುಗಟ್ಟುವ 11 ಬಗೆಯ ಖನಿಜಗಳೂ ಅಲ್ಲಿದ್ದವು. ನಾವು ಅಡುಗೆಗೆ ಬಳಸುವ ಉಪ್ಪಿನದೇ ಖನಿಜರೂಪ ಅವುಗಳಲ್ಲಿ ಒಂದು. ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಬೆನ್ನು ಯಾವ ದೊಡ್ಡ ಕಾಯದಿಂದ ಒಡೆದು ಬಂದಿತೋ ಆ ಕಾಯದ ಒಳಗೆ, ಸೌರಮಂಡಲದ ಶೈಶವದಲ್ಲಿ, ದ್ರವರೂಪದ ಉಪ್ಪುನೀರಿನ ಗುಂಡಿಗಳಿದ್ದವು. ಅಮೋನಿಯಾ ಬೆರೆತ ನೀರು ಬಹಳ ತಣ್ಣಗಾದರೂ ಹೆಪ್ಪುಗಟ್ಟುವುದಿಲ್ಲ. ಸಾವಯವ ಅಣುಗಳು ಆ ನೀರಿನಲ್ಲಿ ಒಂದರೊಡನೊಂದು ಬೆರೆಯಲು ಅವಕಾಶ ಸಿಕ್ಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನವು ಆರ್‌ಎನ್‌ಎಯ ಬೆನ್ನೆಲುಬಾದ ರೈಬೋಸ್ ಸಕ್ಕರೆಯನ್ನೂ, ಗ್ಲೂಕೋಸನ್ನೂ ಇದೇ ಪುಡಿಯಲ್ಲಿ ಗುರುತಿಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹಲವು ವರದಿಗಳು ಇದನ್ನು ಗೊಂದಲಗೊಳಿಸಿದವು. ಬೆನ್ನುವಿನಲ್ಲಿ ಜೀವ ಸಿಕ್ಕಿಲ್ಲ, ಜೀವದ ಕುರುಹೂ ಸಿಕ್ಕಿಲ್ಲ. ಮನೆ ಕಟ್ಟುವ ಇಟ್ಟಿಗೆ ಸಿಕ್ಕಿದೆ, ಮನೆ ಸಿಕ್ಕಿಲ್ಲ. ಅಷ್ಟೇ ಅಲ್ಲ, ಒಂದು ಹಳೆಯ ಊಹೆಗೆ ಈ ಪುಡಿ ಪೆಟ್ಟು ಕೊಟ್ಟಿದೆ. ಅಮೈನೊ ಆಮ್ಲಗಳ ಅಣುಗಳು ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬವಾಗಿರುವ ಎರಡು ರೂಪಗಳಲ್ಲಿ ಇರಬಲ್ಲವು. ಭೂಮಿಯ ಜೀವಿಗಳ ಪ್ರೋಟೀನುಗಳು ಎಡ ರೂಪವನ್ನೇ ಬಳಸುತ್ತವೆ. ಕೆಲವು ಉಲ್ಕಾಶಿಲೆಗಳಲ್ಲಿ ಎಡ ರೂಪ ಸ್ವಲ್ಪ ಹೆಚ್ಚಾಗಿ ಕಂಡಿದ್ದರಿಂದ ಈ ಒಲವು ಆಕಾಶದಿಂದಲೇ ಬಂದಿರಬೇಕು ಎಂದು ಹಲವರು ಭಾವಿಸಿದ್ದರು. ಬೆನ್ನುವಿನಲ್ಲಿ ಎರಡೂ ರೂಪಗಳು ಹೆಚ್ಚುಕಡಿಮೆ ಸಮಸಮವಾಗಿ ಇದ್ದವು. ಜೀವ ಎಡಕ್ಕೆ ತಿರುಗಿದ್ದೇಕೆ ಎಂಬ ಪ್ರಶ್ನೆ ಮೊದಲಿಗಿಂತ ಹೆಚ್ಚು ಕಠಿಣವಾಗಿ ನಮ್ಮ ಮುಂದೆ ಮತ್ತೆ ಬಂದು ನಿಂತಿದೆ. ಒಂದು ಒಳ್ಳೆಯ ಮಾದರಿ ಉತ್ತರಗಳನ್ನಷ್ಟೇ ಕೊಡದೆ, ನಾವು ಸಿಕ್ಕಿತೆಂದುಕೊಂಡಿದ್ದ ಉತ್ತರಗಳನ್ನು ವಾಪಸು ಪಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಕೆಲವು ಸಾಕ್ಷ್ಯಗಳನ್ನು ತರುವುದೂ ಸಾಧ್ಯವಿಲ್ಲ, ಬರುವವರೆಗೆ ಕಾಯಬೇಕು. ಗುರುತ್ವದ ಅಲೆಗಳು ಅಂಥವು. ಭಾರವಾದ ಕಾಯಗಳು ಒಂದನ್ನೊಂದು ಸುತ್ತಿ ಢಿಕ್ಕಿ ಹೊಡೆದಾಗ ದೇಶಕಾಲವೇ ಅಲೆಯಾಗಿ ಅದುರುತ್ತದೆ ಎಂದು ಐನ್‌ಸ್ಟೈನ್ 1916ರಲ್ಲಿ ಲೆಕ್ಕ ಹಾಕಿದ್ದರು. ಅಮೆರಿಕದ ಲೈಗೊ ವೀಕ್ಷಣಾಲಯ ಆ ಅದುರುವಿಕೆಯನ್ನು ಮೊದಲ ಬಾರಿಗೆ ಹಿಡಿದದ್ದು 2015ರ ಸೆಪ್ಟೆಂಬರ್ 14ರಂದು. ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರ್ ಕಿರಣವನ್ನು ಓಡಾಡಿಸಿ, ಆ ಉದ್ದದಲ್ಲಿ ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ವ್ಯತ್ಯಾಸವಾದರೂ ಗುರುತಿಸುವ ಉಪಕರಣ ಅದು. ಅದಾಗಿ ಸುಮಾರು ಹತ್ತು ವರ್ಷಗಳ ಮೇಲೆ, 2025ರ ಜನವರಿ 14ರಂದು, ಮೊದಲಿನದನ್ನೇ ಹೋಲುವ ಇನ್ನೊಂದು ಅಲೆ ಬಂತು: ಸೂರ್ಯನ ಮೂವತ್ತು ಪಟ್ಟಿಗೂ ಹೆಚ್ಚು ಭಾರವಾದ ಎರಡು ಕಪ್ಪು ಕುಳಿಗಳು ನೂರು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷಗಳ ದೂರದಲ್ಲಿ ಒಂದಾದವು. ಘಟನೆ ಅದೇ ಬಗೆಯದು. ಆದರೆ ಹತ್ತು ವರ್ಷಗಳಲ್ಲಿ ಉಪಕರಣದ ಸ್ವಂತ ಗದ್ದಲವನ್ನು ತಗ್ಗಿಸುತ್ತಾ ಬಂದಿದ್ದರಿಂದ ಈ ಸಲ ಅಲೆ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟವಾಗಿ ಕೇಳಿಸಿತು.

ಆ ಸ್ಪಷ್ಟತೆಯಿಂದ ಒಂದು ಹಳೆಯ ಪ್ರಮೇಯವನ್ನು ಪರೀಕ್ಷಿಸಲು ಸಾಧ್ಯವಾಯಿತು. ಕಪ್ಪು ಕುಳಿಗಳು ಕೂಡಿದಾಗ ಅವುಗಳ ಒಟ್ಟು ಮೇಲ್ಮೈ ವಿಸ್ತಾರ ಎಂದಿಗೂ ಕಡಿಮೆಯಾಗಲಾರದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದರು. ಇದು ತಾನಾಗಿ ಹೊಳೆಯುವ ಸಂಗತಿಯಲ್ಲ. ಢಿಕ್ಕಿಯಲ್ಲಿ ಸುಮಾರು ಮೂರು ಸೂರ್ಯರಷ್ಟು ದ್ರವ್ಯ ಅಲೆಗಳ ಶಕ್ತಿಯಾಗಿ ಕಳೆದುಹೋಗುತ್ತದೆ. ಹೀಗೆ ತೂಕ ಇಳಿದರೂ ಮೈ ಹಿಗ್ಗಲೇಬೇಕು ಎನ್ನುತ್ತದೆ ಪ್ರಮೇಯ. ಕೂಡುವ ಮೊದಲಿನ ಅಲೆಯಿಂದ ಎರಡು ಕುಳಿಗಳ ವಿಸ್ತಾರವನ್ನೂ, ಕೂಡಿದ ಮೇಲೆ ಬಡಿದ ಗಂಟೆಯ ನಾದದಂತೆ ಕ್ಷಣಾರ್ಧದಲ್ಲಿ ಅಡಗುವ ಕೊನೆಯ ಕಂಪನದಿಂದ ಹೊಸ ಕುಳಿಯ ವಿಸ್ತಾರವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿದರು. ಮೊದಲಿನದು ಸುಮಾರು 2 ಲಕ್ಷ 40 ಸಾವಿರ ಚದರ ಕಿಲೋಮೀಟರ್, ನಂತರದ್ದು ಸುಮಾರು 4 ಲಕ್ಷ. ಮೊದಲ ಅಲೆಯ ದತ್ತಾಂಶದಿಂದ ಇದೇ ಪ್ರಮೇಯಕ್ಕೆ 2021ರಲ್ಲಿ ಶೇ 95ರಷ್ಟು ಭರವಸೆ ಸಿಕ್ಕಿತ್ತು. ಈ ಸಲ ಅದು ಶೇ 99.999ಕ್ಕೆ ಏರಿತು. ಹಾಕಿಂಗ್ 2018ರಲ್ಲೇ ತೀರಿಕೊಂಡಿದ್ದರು.

ಭರವಸೆಯ ಈ ಅಂಕಿಗಳ ಹಿಂದಿನ ಲೆಕ್ಕವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಯಾವ ಉಪಕರಣದಲ್ಲೂ ಆಕಸ್ಮಿಕ ಏರುಪೇರು ಇದ್ದೇ ಇರುತ್ತದೆ. ಕಂಡ ಸಂಕೇತ ಬರೀ ಆಕಸ್ಮಿಕದಿಂದ ಹುಟ್ಟಿಕೊಳ್ಳುವ ಸಾಧ್ಯತೆ ಎಷ್ಟು ಎಂಬುದನ್ನು ಸಿಗ್ಮಾ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಸಿಗ್ಮಾ ಎಂದರೆ ಆ ಸಾಧ್ಯತೆ ಸಾವಿರಕ್ಕೆ ಒಂದೆರಡು. ಐದು ಸಿಗ್ಮಾ ಎಂದರೆ ಸುಮಾರು 35 ಲಕ್ಷಕ್ಕೆ ಒಂದು. ಕಣಭೌತವಿಜ್ಞಾನಿಗಳು ಐದನ್ನು ಮುಟ್ಟುವವರೆಗೆ ಆವಿಷ್ಕಾರ ಎಂಬ ಪದವನ್ನು ಬಳಸುವುದಿಲ್ಲ. 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ಒಟ್ಟಿಗೆ ಒಂದು ಘೋಷಣೆ ಮಾಡಿದವು. ಗಡಿಯಾರದಷ್ಟು ಕ್ರಮವಾಗಿ ಮಿಡಿಯುವ ಪಲ್ಸಾರ್ ನಕ್ಷತ್ರಗಳ ಮಿಡಿತ ಎಷ್ಟು ಬೇಗ ಅಥವಾ ತಡವಾಗಿ ತಲುಪುತ್ತದೆ ಎಂಬುದನ್ನು ವರ್ಷಾನುಗಟ್ಟಲೆ ಅಳೆದು, ವಿಶ್ವದ ಉದ್ದಗಲಕ್ಕೂ ಬಹಳ ನಿಧಾನವಾದ ಗುರುತ್ವದ ಅಲೆಗಳು ಹರಡಿರುವ ಲಕ್ಷಣವನ್ನು ಅವು ಕಂಡಿದ್ದವು. ಅಮೆರಿಕದ ನೇತೃತ್ವದ ನ್ಯಾನೊಗ್ರಾವ್ ತಂಡ 67 ಪಲ್ಸಾರ್‌ಗಳನ್ನು 15 ವರ್ಷ ಗಮನಿಸಿತ್ತು. ಪುಣೆಯ ಬಳಿಯ ದೈತ್ಯ ರೇಡಿಯೊ ದೂರದರ್ಶಕವನ್ನು ಬಳಸುವ ಭಾರತ-ಜಪಾನ್ ತಂಡ ಯುರೋಪಿನವರೊಡನೆ ದತ್ತಾಂಶವನ್ನು ಕೂಡಿಸಿತ್ತು. ಹದಿನೈದು ವರ್ಷಗಳ ದುಡಿಮೆಯ ನಂತರವೂ ಅಳತೆ ನಾಲ್ಕು ಸಿಗ್ಮಾದ ಆಸುಪಾಸಿನಲ್ಲಿ ನಿಂತಿದ್ದರಿಂದ ನ್ಯಾನೊಗ್ರಾವ್ ತಂಡ ತನ್ನ ಲೇಖನದ ಶೀರ್ಷಿಕೆಯಲ್ಲಿ ‘ಸಾಕ್ಷ್ಯ’ ಎಂದಷ್ಟೇ ಬರೆಯಿತು. ಆ ಪದದ ಆಯ್ಕೆಯ ಬಗ್ಗೆ ನನಗೆ ಬಹಳ ಗೌರವ.

ಸಿಗ್ಮಾ ಎಷ್ಟೇ ಇದ್ದರೂ ಅದು ಆಕಸ್ಮಿಕದ ವಿರುದ್ಧ ಮಾತ್ರ ರಕ್ಷಣೆ ಎಂಬುದನ್ನೂ ಮರೆಯಬಾರದು. ಉಪಕರಣವೇ ತಪ್ಪಿದ್ದರೆ ಅದರಿಂದ ಉಪಯೋಗವಿಲ್ಲ. 2011ರಲ್ಲಿ ಒಪೆರಾ ಪ್ರಯೋಗದ ತಂಡವು ಜಿನೀವಾ ಬಳಿಯಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರ್ ದಾರಿಯನ್ನು, ಬಂಡೆಯನ್ನೂ ಸಲೀಸಾಗಿ ತೂರಿಹೋಗಬಲ್ಲ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆಯೇ ಕ್ರಮಿಸಿವೆ ಎಂದು ವರದಿ ಮಾಡಿತು. ಅದರ ಸಿಗ್ಮಾ ಆರು. ಕೊನೆಗೆ ತಪ್ಪಿನ ಮುಖ್ಯ ಮೂಲ ಸರಿಯಾಗಿ ಸಿಕ್ಕಿಸದ ಒಂದು ಆಪ್ಟಿಕಲ್ ಫೈಬರ್ ತಂತಿ ಎಂದು ತಿಳಿಯಿತು. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಒಂದು ತಂಡ ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಯಾವ ರೋಧವೂ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂದಿತು. ಹಲವು ದೇಶಗಳ ಪ್ರಯೋಗಾಲಯಗಳು ಅದನ್ನು ತಯಾರಿಸಿ ನೋಡಿದವು. ರೋಧ ಒಮ್ಮೆಲೇ ಕುಸಿಯುತ್ತಿದ್ದದ್ದು ಒಳಗೆ ಕಲಬೆರಕೆಯಾಗಿ ಸೇರಿದ್ದ ತಾಮ್ರದ ಸಲ್ಫೈಡ್‌ನ ಗುಣದಿಂದ ಎಂಬುದು ಕೆಲವೇ ವಾರಗಳಲ್ಲಿ ಬಯಲಾಯಿತು. ಇದನ್ನು ವಿಜ್ಞಾನದ ಸೋಲು ಎಂದು ಬರೆದವರು ಹಲವರು. ನನ್ನ ದೃಷ್ಟಿಯಲ್ಲಿ ಆ ವಾರಗಳಲ್ಲಿ ನಡೆದದ್ದೇ ವಿಜ್ಞಾನ.

ಸದ್ಯ ತೂಗುಯ್ಯಾಲೆಯಲ್ಲಿರುವ ಸಂಗತಿಗಳೂ ಇವೆ. ನಮ್ಮಿಂದ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ, ಭೂಮಿಯಲ್ಲಿ ಕಡಲ ಸೂಕ್ಷ್ಮಜೀವಿಗಳು ಹೊರಬಿಡುವ ಡೈಮಿಥೈಲ್ ಸಲ್ಫೈಡ್ ಅನಿಲದ ಲಕ್ಷಣ ಜೇಮ್ಸ್ ವೆಬ್ ದೂರದರ್ಶಕಕ್ಕೆ ಕಂಡಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಅವರ ಸಹೋದ್ಯೋಗಿಗಳು 2025ರ ಏಪ್ರಿಲ್‌ನಲ್ಲಿ ಹೇಳಿದರು. ಅಳತೆ ಮೂರು ಸಿಗ್ಮಾ. ಅದೇ ದತ್ತಾಂಶವನ್ನು ಬೇರೆ ವಿಧಾನಗಳಿಂದ ಪರಿಶೀಲಿಸಿದ ಇತರ ತಂಡಗಳಿಗೆ ಆ ಲಕ್ಷಣ ಅಷ್ಟು ಬಲವಾಗಿ ಕಾಣಲಿಲ್ಲ. ಇದಕ್ಕೆ ತೀರ್ಪು ಕೊಡುವ ಹೊತ್ತು ಇನ್ನೂ ಬಂದಿಲ್ಲ.

ಇನ್ನೊಂದು, ಮೆಡಿಟರೇನಿಯನ್ ಕಡಲಿನದು. ಸಿಸಿಲಿ ದ್ವೀಪದ ಆಚೆ ಸುಮಾರು 3,450 ಮೀಟರ್ ಆಳದಲ್ಲಿ, ಗಾಜಿನ ಗೋಳಗಳಲ್ಲಿ ಬೆಳಕಿನ ಸಂವೇದಕಗಳನ್ನು ಕೂರಿಸಿ, ಮಣಿಸರದಂತೆ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ್ದಾರೆ. ಇದು ಕೆಎಂ3ನೆಟ್ ಎಂಬ ನ್ಯೂಟ್ರಿನೊ ದೂರದರ್ಶಕದ ಭಾಗ. ಅಲ್ಲಿಗೆ ಸೂರ್ಯನ ಬೆಳಕು ಇಳಿಯುವುದಿಲ್ಲ. 2023ರ ಫೆಬ್ರವರಿ 13ರಂದು ಆ ಕತ್ತಲೆಯಲ್ಲಿ ಒಂದು ಕಣ ಹೆಚ್ಚುಕಡಿಮೆ ಅಡ್ಡಲಾಗಿ ಹಾದುಹೋದಾಗ, ಆಗ ಕೆಲಸ ಮಾಡುತ್ತಿದ್ದ ಸಂವೇದಕಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅದರ ನೀಲಿ ಬೆಳಕನ್ನು ದಾಖಲಿಸಿದವು. ಮೇಲಿನಿಂದ ಬಂದ ಕಣವಾಗಿದ್ದರೆ ವಾತಾವರಣದಲ್ಲಿ ಹುಟ್ಟಿದ ಸಾಮಾನ್ಯ ಮ್ಯೂಆನ್, ಅಂದರೆ ಎಲೆಕ್ಟ್ರಾನಿನಂಥದೇ ಆದರೆ ಅದಕ್ಕಿಂತ ಭಾರವಾದ ಕಣ, ಎನ್ನಬಹುದಿತ್ತು. ಅಡ್ಡ ದಾರಿಯಲ್ಲಿ ಬರಬೇಕಾದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ನೀರು ಮತ್ತು ಬಂಡೆಯನ್ನು ದಾಟಬೇಕು. ಮ್ಯೂಆನ್ ಅಷ್ಟು ದೂರ ಬದುಕಿ ಬರಲಾರದು, ನ್ಯೂಟ್ರಿನೊ ಬರಬಲ್ಲದು. ಅದು ಸಂವೇದಕಗಳ ಹತ್ತಿರದಲ್ಲೇ ಢಿಕ್ಕಿ ಹೊಡೆದು ಮ್ಯೂಆನ್ ಹುಟ್ಟಿಸಿದೆ ಎಂಬುದು ನಿರ್ಣಯ. ಆ ನ್ಯೂಟ್ರಿನೊದ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಮನುಷ್ಯ ನಿರ್ಮಿಸಿದ ಅತಿ ದೊಡ್ಡ ಕಣವೇಗವರ್ಧಕದಲ್ಲಿ ಒಂದು ಪ್ರೋಟಾನ್ ಪಡೆಯುವ ಶಕ್ತಿಯ ಸುಮಾರು 30 ಸಾವಿರ ಪಟ್ಟು. ಕಣ ಸಿಕ್ಕಿದ ದಿನಕ್ಕೂ ಫಲಿತಾಂಶ ಪ್ರಕಟವಾದ ದಿನಕ್ಕೂ ಎರಡು ವರ್ಷಗಳ ಅಂತರವಿದೆ. ಅದು ಎಲ್ಲಿಂದ ಬಂತು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ದಕ್ಷಿಣ ಧ್ರುವದ ಹಿಮದಲ್ಲಿ ಇದಕ್ಕಿಂತ ದೊಡ್ಡ ಐಸ್‌ಕ್ಯೂಬ್ ದೂರದರ್ಶಕ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಾದಿದ್ದರೂ ಅಷ್ಟು ಶಕ್ತಿಯ ಒಂದು ಕಣವನ್ನೂ ಕಂಡಿಲ್ಲ ಎಂಬುದು ಈ ಒಗಟನ್ನು ಇನ್ನಷ್ಟು ಬಿಗಿಗೊಳಿಸಿದೆ.

ಕಾಯುವುದರ ಇನ್ನೊಂದು ಬಗೆಯನ್ನು ಥೋರಿಯಂ-229ರ ಪರಮಾಣು ಬೀಜದಲ್ಲಿ ನೋಡಬಹುದು. ಸಾಮಾನ್ಯವಾಗಿ ಪರಮಾಣು ಬೀಜವನ್ನು ಕೆರಳಿಸಲು ಬೇಕಾಗುವ ಶಕ್ತಿ ಲೇಸರ್‌ಗಳ ಅಳವಿಗೆ ಮೀರಿದ್ದು. ಈ ಒಂದು ಬೀಜದಲ್ಲಿ ಮಾತ್ರ ಬಹಳ ಕಡಿಮೆ ಶಕ್ತಿಯ ಒಂದು ಮೆಟ್ಟಿಲು ಇದೆ ಎಂಬ ಸುಳಿವು 1970ರ ದಶಕದಲ್ಲೇ ಸಿಕ್ಕಿತ್ತು. ಮೆಟ್ಟಿಲು ಸರಿಯಾಗಿ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯದೆ ಲೇಸರ್‌ನ ಶ್ರುತಿ ಕೂಡಿಸುವುದು ಹೇಗೆ? ಸುಮಾರು ಐವತ್ತು ವರ್ಷಗಳ ಕಾಲ ಆ ಎತ್ತರದ ಅಂದಾಜನ್ನು ಸ್ವಲ್ಪಸ್ವಲ್ಪವೇ ಕಿರಿದುಗೊಳಿಸುತ್ತಾ ಬಂದು, 2024ರಲ್ಲಿ ಆಸ್ಟ್ರಿಯಾ ಮತ್ತು ಜರ್ಮನಿಯ ಸಂಶೋಧಕರು ಲೇಸರ್‌ನಿಂದ ಅದನ್ನು ಮುಟ್ಟಿದರು. ಅದೇ ವರ್ಷ ಅಮೆರಿಕದ ಜಿಲಾ ಸಂಸ್ಥೆಯ ಜುನ್ ಯೆ ಅವರ ತಂಡ ಅದರ ಕಂಪನಾಂಕವನ್ನು ಪರಮಾಣು ಗಡಿಯಾರಕ್ಕೆ ಜೋಡಿಸಿ ಅಳೆಯಿತು. ಸುತ್ತಲಿನ ವಿದ್ಯುತ್ ಮತ್ತು ಕಾಂತ ಪ್ರಭಾವಗಳಿಗೆ ಪರಮಾಣು ಬೀಜ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ, ಇದರ ಮೇಲೆ ಕಟ್ಟುವ ಗಡಿಯಾರ ಇಂದಿನವುಗಳಿಗಿಂತ ಗಟ್ಟಿಮುಟ್ಟಾಗಿರಬಲ್ಲದು. ನಿಸರ್ಗದ ನಿಯತಾಂಕಗಳು ಕಾಲಕ್ರಮದಲ್ಲಿ ನಿಜವಾಗಿಯೂ ಬದಲಾಗದೆ ಉಳಿದಿವೆಯೇ ಎಂಬುದನ್ನು ಅದರಿಂದ ಪರೀಕ್ಷಿಸುವ ಆಸೆ ಭೌತವಿಜ್ಞಾನಿಗಳಿಗಿದೆ.

ಬೆನ್ನುವಿನ ಪುಡಿಯ ವಿಷಯದಲ್ಲಿ ಹೇಳಬೇಕಾದ್ದೊಂದು ಉಳಿದಿದೆ. ನಾಸಾ ಅದನ್ನೆಲ್ಲ ಈಗಲೇ ಖರ್ಚು ಮಾಡುತ್ತಿಲ್ಲ. ಕನಿಷ್ಠ ಶೇ 70ರಷ್ಟನ್ನು ಮುಂದಿನ ತಲೆಮಾರಿನ ಸಂಶೋಧಕರಿಗೆಂದು ಎತ್ತಿಡುವುದು ಮೊದಲೇ ಆಗಿದ್ದ ತೀರ್ಮಾನ. ಇದಕ್ಕೊಂದು ಪೂರ್ವನಿದರ್ಶನವಿದೆ. 1972ರಲ್ಲಿ ಅಪೊಲೊ 17ರ ಗಗನಯಾತ್ರಿಗಳು ಚಂದ್ರನ ನೆಲಕ್ಕೆ ಒಂದು ಕೊಳವೆಯನ್ನು ಬಡಿದು ಇಳಿಸಿ, ಒಳಗೆ ತುಂಬಿಕೊಂಡ ಮಣ್ಣನ್ನು ಅಲ್ಲಿಯೇ ನಿರ್ವಾತದಲ್ಲಿ ಮೊಹರು ಮಾಡಿ ತಂದರು. ತಂದವರ ಕಾಲದಲ್ಲಿ ಅದನ್ನು ತೆರೆಯಲಿಲ್ಲ. ಐವತ್ತು ವರ್ಷಗಳ ನಂತರ, 2022ರಲ್ಲಿ, ಅದನ್ನು ತೆರೆದು ಒಳಗಿನ ಅನಿಲವನ್ನು ಮೊದಲು ಜಾಗ್ರತೆಯಿಂದ ಹಿಡಿದಿಟ್ಟು, ಮಣ್ಣನ್ನು ಹೊರತೆಗೆಯುವ ಮೊದಲೇ ಕೊಳವೆಯ ಒಳಗನ್ನು ಕ್ಷಕಿರಣಗಳಿಂದ ಮೂರು ಆಯಾಮದಲ್ಲಿ ಚಿತ್ರಿಸಿದರು. ಆ ತಂಡದಲ್ಲಿ ದುಡಿದ ಹಲವರು ಕೊಳವೆ ಭೂಮಿಗೆ ಬಂದ ವರ್ಷದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬೆನ್ನುವಿನ ಕಪ್ಪು ಪುಡಿಯ ದೊಡ್ಡ ಪಾಲು ಈಗ ಅದೇ ರೀತಿಯಲ್ಲಿ, ಸಾರಜನಕದ ಪೆಟ್ಟಿಗೆಗಳಲ್ಲಿ ಮುಚ್ಚಿಕೊಂಡು ಕುಳಿತಿದೆ.